ಬೂಷ್ಟು ಯಾರದು?

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಮ್ಮು, ಕೊನೆಗೆ ಅಜ್ಜನ ಊರುಗೋಲಿನ ಹಿಡಿಯೂ ಬೆಳ್ಳಗಾಗುತ್ತದೆ. ಒರೆಸಿಟ್ಟು ಬಿಸಿಲಿಗೆ ಕಾಯುತ್ತೇವೆ, ಅಷ್ಟೆ. ಇದು ಯಾರ ತಪ್ಪು ಎಂದು ಯಾರೂ ಕೇಳುವುದಿಲ್ಲ. ಜರ್ಮನಿಯಲ್ಲಿ ಮೊದಲು ಕೇಳುವುದೇ ಅದನ್ನು.

ಶ್ಟುಟ್‌ಗಾರ್ಟ್‌ನ ನಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಎರಡನೆಯ ಚಳಿಗಾಲಕ್ಕೆ ಎರಡು ಕಡೆ ಬೂಷ್ಟು ಕಾಣಿಸಿತು. ಇಲ್ಲಿ ಅದಕ್ಕೆ ‘ಶಿಮ್ಮೆಲ್’ ಎನ್ನುತ್ತಾರೆ. ಬಿಳಿ ಕುದುರೆಗೂ ಅದೇ ಹೆಸರು. ಮಲಗುವ ಕೋಣೆಯಲ್ಲಿ ಶಿಮ್ಮೆಲ್ ಇದೆ ಎಂದಾಗ ನಮ್ಮ ಭಾಷಾ ಶಿಕ್ಷಕಿಗೆ ನಗು ತಡೆಯಲಾಗಲಿಲ್ಲ. ಮನೆಯ ಒಡತಿ ಮಾತ್ರ ನಗಲಿಲ್ಲ. ಬಂದವರು ಗೋಡೆಯ ಕಡೆ ಹೋಗದೆ ನೇರ ಅಡುಗೆಮನೆಗೆ ನಡೆದು, ಒಲೆಯ ಮೇಲಿದ್ದ ಇಡ್ಲಿ ಪಾತ್ರೆಯನ್ನು ದಿಟ್ಟಿಸಿ, “ನೀವು ಬಹಳ ಅಡುಗೆ ಮಾಡುತ್ತೀರಿ, ಅಲ್ಲವೇ?” ಎಂದರು.

ಬೂಷ್ಟು ನಮ್ಮ ಅಡುಗೆಯ ಹಬೆಯಿಂದ ಬಂದದ್ದು ಎಂಬುದು ಅದರ ಇಂಗಿತ. ಸಿಟ್ಟೇನೋ ಬಂತು. ಆದರೆ ಅವರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಇಲ್ಲಿನ ನಾಗರಿಕ ಸಂಹಿತೆಯ 535ನೆಯ ಕಲಮಿನ ಪ್ರಕಾರ ಮನೆಯನ್ನು ವಾಸಯೋಗ್ಯವಾಗಿಡುವುದು ಮಾಲೀಕರ ಹೊಣೆ. 536ರ ಪ್ರಕಾರ ಮನೆಯಲ್ಲಿ ಗಣನೀಯ ದೋಷವಿದ್ದರೆ ಬಾಡಿಗೆ ತಾನಾಗಿಯೇ ಇಳಿಯುತ್ತದೆ. ಆದರೆ ದೋಷ ಕಂಡ ಕೂಡಲೇ ತಿಳಿಸುವುದು ಬಾಡಿಗೆದಾರರ ಕರ್ತವ್ಯ. ಸುಮ್ಮನಿದ್ದು ಹಾನಿ ಬೆಳೆದರೆ ನಷ್ಟ ತುಂಬಿಕೊಡಬೇಕಾದವರು ನಾವೇ. ಜೊತೆಗೆ ಕಿಟಕಿ ತೆರೆಯುವ ಕೆಲಸವೂ ನಮ್ಮದೇ. ಕೊರೆಯುವ ಚಳಿಯಲ್ಲೂ ಕಿಟಕಿಗಳನ್ನು ಪೂರ್ತಿ ತೆರೆದು ಗಾಳಿ ಬದಲಿಸುವುದಕ್ಕೆ ‘ಶ್ಟೋಸ್‌ಲ್ಯುಫ್ಟನ್’ ಎಂಬ ಪದವೇ ಇದೆ. 2018ರ ಡಿಸೆಂಬರ್‌ನಲ್ಲಿ ಕಾರ್ಲ್ಸ್‌ರೂಹೆಯ ಸರ್ವೋಚ್ಚ ನ್ಯಾಯಾಲಯ, 1968 ಮತ್ತು 1971ರಲ್ಲಿ ಕಟ್ಟಿದ ಮನೆಗಳ ಪ್ರಕರಣಗಳಲ್ಲಿ, ಕಟ್ಟಿದ ಕಾಲದ ನಿಯಮಕ್ಕೆ ಹೊಂದುವ ಗೋಡೆಯಲ್ಲಿ ಬೂಷ್ಟು ಬರುವ ಸಂಭವವಿದೆ ಎಂಬುದಷ್ಟೇ ದೋಷವಲ್ಲ ಎಂದಿತು. ದಿನಕ್ಕೆ ಎರಡು ಬಾರಿ ಕಾಲು ಗಂಟೆ ಕಿಟಕಿ ತೆರೆಯುವುದು ಅತಿಯಾದ ನಿರೀಕ್ಷೆಯೂ ಅಲ್ಲವಂತೆ.

ಬಾಡಿಗೆದಾರರ ಸಂಘದ ಸದಸ್ಯರಾಗಿದ್ದುದು ಕೆಲಸಕ್ಕೆ ಬಂತು. ಅಲ್ಲಿನ ವಕೀಲರು ಫೋಟೋಗಳನ್ನು ನೋಡಿ ಎರಡು ಕಲೆಗಳನ್ನೂ ಬೇರೆ ಮಾಡಿಟ್ಟರು. ಕಪಾಟಿನ ಹಿಂದೆ, ಹೊರಗೋಡೆಯ ತಣ್ಣನೆಯ ಮೂಲೆಯಲ್ಲಿ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆಗಳು. ಚಾವಣಿಯಲ್ಲಿ ಚಹಾ ಚೆಲ್ಲಿ ಒಣಗಿದಂತೆ ಕಂದು ಅಂಚಿನ ದೊಡ್ಡ ಉಂಗುರ. “ಮೊದಲನೆಯದರ ಬಗ್ಗೆ ಜಗಳವಾಡಬೇಡಿ. ಉಸಿರಿನ ಹಬೆ ಚಾವಣಿಯಲ್ಲಿ ಕಂದು ಉಂಗುರ ಬರೆಯುವುದಿಲ್ಲ, ಎರಡನೆಯದರ ಬಗ್ಗೆ ಪತ್ರ ಬರೆಯಿರಿ” ಎಂದರು. ಬಾಡಿಗೆಯನ್ನು ನಮಗೆ ತೋಚಿದಷ್ಟು ಮುರಿದುಕೊಳ್ಳಬೇಡಿ, ಬಾಕಿ ಎರಡು ತಿಂಗಳ ಬಾಡಿಗೆಯಷ್ಟಾದರೆ ಮನೆ ಖಾಲಿ ಮಾಡಿಸಬಹುದು, ಹೆಚ್ಚು ಕಟ್ಟಿದ್ದನ್ನು ಮರಳಿ ಕೇಳುವ ಹಕ್ಕು ಕಾಯ್ದಿರಿಸಿದ್ದೇವೆ ಎಂದು ಬರೆದು ಪೂರ್ತಿ ಕಟ್ಟಿ ಎಂದೂ ಎಚ್ಚರಿಸಿದರು.

ಬರೆದೆವು. ಪ್ಲಂಬರ್ ಬಂದ. ಮೇಲಿನ ಮನೆಯ ಸ್ನಾನದ ತೊಟ್ಟಿಯ ಕೊಳವೆ ಜಿನುಗುತ್ತಿತ್ತು. ರಿಪೇರಿಯಾದ ಮೇಲೆ ಚಾವಣಿ ಒಣಗಿಸಲು ಒಂದು ಯಂತ್ರವನ್ನು ತಂದಿಟ್ಟರು. ಎರಡು ವಾರ ಹಗಲಿರುಳು ಅದು ಗುಂಯ್ಗುಟ್ಟಿತು, ನಾವು ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದೆವು. ಯಂತ್ರದ ತೊಟ್ಟಿಯಿಂದ ದಿನವೂ ಒಂದು ಬಿಂದಿಗೆಯಷ್ಟು ನೀರು ಚೆಲ್ಲುತ್ತಿದ್ದೆ. ಅದು ಕುಡಿದದ್ದು ನಮ್ಮ ಕರೆಂಟನ್ನು, ಹಾಗಾಗಿ ಮೀಟರಿನ ಅಂಕಿಯನ್ನು ಬೆಳಿಗ್ಗೆ ಸಂಜೆ ಬರೆದಿಟ್ಟೆ. ಒಡತಿ ಆ ಚೀಟಿಯನ್ನು ನೋಡಿ, ಒಂದು ಮಾತೂ ಆಡದೆ ಹಣ ಹಾಕಿದರು. ಆ ತಿಂಗಳ ಬಾಡಿಗೆಯಲ್ಲೂ ಒಂದಿಷ್ಟು ಬಿಟ್ಟರು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಕಳೆದುಕೊಂಡ ಬೆಂಗಳೂರಿನ ಅನುಭವವಿದ್ದ ನನಗೆ ಇದು ಸಣ್ಣ ಆಘಾತ.

ಕಪಾಟಿನ ಹಿಂದಿನದು ಮಾತ್ರ ನಮ್ಮದೇ. ಚಳಿ ಎಂದು ಕಿಟಕಿ ಮುಚ್ಚಿ, ಅದೇ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಗಿಸುತ್ತಿದ್ದೆವು. ಈಗ ಗೋಡೆಯಲ್ಲಿ ತೇವಾಂಶ ತೋರಿಸುವ ಪುಟ್ಟ ಮಾಪಕವಿದೆ. ಅದು ಶೇಕಡಾ ಅರವತ್ತು ದಾಟಿದರೆ ಮಗಳು ಕಿಟಕಿಗೆ ಓಡುತ್ತಾಳೆ. ಕಪಾಟನ್ನೂ ಒಂದು ಗೇಣು ಮುಂದೆ ಸರಿಸಿದ್ದೇವೆ. ವಿಡಿಯೋ ಕರೆಯಲ್ಲಿ ಅದನ್ನು ನೋಡಿದ ಅಮ್ಮನಿಗೆ ಬೇರೆಯದೇ ಚಿಂತೆ: “ಆ ಸಂದಿಗೆ ಜಿರಲೆ ಸೇರಿಕೊಳ್ಳುವುದಿಲ್ಲವೇನೋ?”