ನಾಯಿ ಕಚ್ಚಿದರೆ ಎರಡು ಬಗೆಯ ಇಂಜೆಕ್ಷನ್ ಯಾಕೆ?

"ನಾಯಿ ಕಚ್ಚಿತು ಅಂತ ಹೋದ್ರೆ ತೋಳಿಗೊಂದು ಚುಚ್ಚಿದರು, ಗಾಯಕ್ಕೂ ಚುಚ್ಚಿದರು. ಒಂದು ಸಾಲದಾ?" ಜೀವಶಾಸ್ತ್ರ ಪಾಠ ಮಾಡುವ ನನ್ನನ್ನು ಆಗಾಗ ಯಾರಾದರೂ ಹೀಗೆ ಕೇಳುತ್ತಾರೆ. ಸಾಲದು. ಎರಡರ ಕೆಲಸವೂ ಬೇರೆ.

ತೋಳಿಗೆ ಹಾಕುವುದು ಲಸಿಕೆ. ಅದರಲ್ಲಿರುವುದು ಸತ್ತ ರೇಬೀಸ್ ವೈರಸ್. ಅದನ್ನು ನೋಡಿ ದೇಹ ತಾನೇ ಪ್ರತಿಕಾಯ, ಅಂದರೆ ಆಂಟಿಬಾಡಿ ತಯಾರಿಸಲು ಕಲಿಯುತ್ತದೆ. ಆ ವೈರಸ್ಸಿನ ಗುರುತು ಇಟ್ಟುಕೊಳ್ಳುವ ಜೀವಕೋಶಗಳೂ ಹುಟ್ಟುತ್ತವೆ. ಆದರೆ ಕಲಿಯಲು ಹೊತ್ತು ಬೇಕಲ್ವಾ? ಸಾಕಷ್ಟು ಆಂಟಿಬಾಡಿ ಬರಲು 7ರಿಂದ 14 ದಿನ ಹಿಡಿಯುತ್ತದೆ.

ಗಾಯದಲ್ಲಿರುವ ವೈರಸ್ ಅಷ್ಟು ದಿನ ಸುಮ್ನೆ ಕೂರುತ್ತದೆ ಅಂತ ನಂಬುವ ಹಾಗಿಲ್ಲ. ನರ ಸಿಕ್ಕಿದರೆ ಮಿದುಳಿನ ಕಡೆ ಹೊರಟುಬಿಡುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಮೊದಲು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಬೇಕು. ಈ ಕೆಲಸವನ್ನು ಜನ ಯಾಕೋ ಹಗುರವಾಗಿ ನೋಡುತ್ತಾರೆ.

ಗಾಯದ ಒಳಗೆ, ಸುತ್ತ ಚುಚ್ಚುವುದು ಇಮ್ಯುನೊಗ್ಲಾಬ್ಯುಲಿನ್. ಸೀರಮ್ ಅಂತಲೂ ಕರೆಯುತ್ತಾರೆ. ಬೇರೆ ದೇಹದಲ್ಲಿ ಆಗಲೇ ತಯಾರಾದ ಆಂಟಿಬಾಡಿ ಇದು. ಲಸಿಕೆ ಪಡೆದ ಮನುಷ್ಯರದ್ದು, ಇಲ್ಲವೇ ಕುದುರೆಯದ್ದು. ಹೌದು, ಕುದುರೆಯದ್ದೇ! 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಒಂದು ಪ್ರಾಣಿಯ ಸೀರಮ್ ಇನ್ನೊಂದು ಪ್ರಾಣಿಯನ್ನು ಕಾಪಾಡಬಲ್ಲದು ಅಂತ ತೋರಿಸಿದ್ದರು. ಹಾವಿನ ವಿಷಕ್ಕೆ ಕೊಡುವ ಮದ್ದೂ ಇದೇ ದಾರಿಯದ್ದು.

"ಹಾಗಾದ್ರೆ ಸೀರಮ್ ಒಂದೇ ಕೊಡಬಹುದಲ್ಲ?" ಆಗುವುದಿಲ್ಲ. ಅದು ಎರವಲು ತಂದದ್ದು. ಅದರಿಂದ ದೇಹ ಏನನ್ನೂ ಕಲಿಯುವುದಿಲ್ಲ. ಮನುಷ್ಯರಿಂದ ತೆಗೆದದ್ದಾದರೆ ಸುಮಾರು 3 ವಾರಕ್ಕೆ ಅರ್ಧ ಕರಗುತ್ತದೆ, ಕುದುರೆಯದ್ದು ಇನ್ನೂ ಬೇಗ.

ಎರವಲು ಜಾಸ್ತಿಯಾದರೆ ಸ್ವಂತ ಕಲಿಕೆಯೂ ಕೆಡುತ್ತದೆ. ಬಂದ ಆಂಟಿಬಾಡಿ ಲಸಿಕೆಯನ್ನೇ ಮುಚ್ಚಿಹಾಕಬಹುದು. ಹಾಗಾಗಿ ತೂಕ ನೋಡಿ ಅಳತೆ ಮಾಡಿ ಕೊಡುತ್ತಾರೆ, ಮೊದಲ ಲಸಿಕೆಯಾಗಿ 7 ದಿನ ದಾಟಿದರೆ ಕೊಡುವುದೇ ಇಲ್ಲ. ಹಸುಗೂಸಿನ ವಿಷಯವೂ ಹೀಗೆಯೇ. ಬಸಿರಿನಲ್ಲೇ ತಾಯಿಯ ಆಂಟಿಬಾಡಿ ಮಗುವಿಗೆ ದಾಟಿರುತ್ತದೆ. ಅದು ಕರಗಲಿ ಅಂತಲೇ ದಡಾರದ ಲಸಿಕೆಗೆ 9 ತಿಂಗಳೋ 12 ತಿಂಗಳೋ ಕಾಯುವುದು.

ಕೊನೆಗೊಂದು ಪ್ರಶ್ನೆ ಉಳಿದೇ ಇರುತ್ತದೆ: "ಹಿಂದೆ ಪೂರ್ತಿ ಲಸಿಕೆ ಹಾಕಿಸಿಕೊಂಡಿದ್ದೆ. ಮತ್ತೆ ಕಚ್ಚಿದರೆ ಸೀರಮ್ ಬೇಕಾ?" ಬೇಡ. ಗಾಯ ತೊಳೆದು ಲಸಿಕೆಯನ್ನಷ್ಟೇ ಮತ್ತೆ ಹಾಕುತ್ತಾರೆ. ಅದೂ ಕಡಿಮೆ ಡೋಸ್. ದೇಹಕ್ಕೆ ಆ ವೈರಸ್ಸಿನ ಗುರುತು ಆಗಲೇ ಇರುತ್ತದೆ.