ಕೌಲಿಂಗ್‌ನ ಒಳಮೈ: ಅಸಿಟೋನ್ ಸೋತಿತು, ಬಾವಿ ನೀರು ಗೆದ್ದಿತು

ಭಾನುವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದರೆ ಕೆಳಗಿನ ಕೌಲಿಂಗ್‌ನೊಳಗೆ (ವಿಮಾನದ ಎಂಜಿನ್ ಮುಚ್ಚುವ ಹೊದಿಕೆಯ ಕೆಳಭಾಗ) ಅಂಟಿಸಿದ್ದ ಅಲ್ಯೂಮಿನಿಯಂ ಹಾಳೆ ಪತ್ರೊಡೆಯ ಹಾಗೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ವಿದೇಶದಿಂದ ತರಿಸಿದ ಹಾಳೆ. ಸೈಲೆನ್ಸರ್‌ನ ಕಾವಿಗೆ ಕನ್ನಡಿ ಹಿಡಿಯಬೇಕಾದದ್ದು ತನ್ನ ಅಂಟನ್ನೇ ಹಿಡಿದುಕೊಂಡಿರಲಿಲ್ಲ.

ಕೌಲಿಂಗ್ ಬಿಗಿಯುವ ಕ್ಯಾಮ್‌ಲಾಕ್ ಕೊಂಡಿಗಳು, ಅಂಚಿನ ಹೊಂದಿಕೆ ಎಲ್ಲ ಬೇಸಗೆಯಲ್ಲೇ ಮುಗಿದಿತ್ತು. ಒಳಗೆ ತೆಳುವಾಗಿ ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಸವರುವುದಷ್ಟೇ ಬಾಕಿ. ಕೌಲಿಂಗ್‌ನ ಗಾಜಿನ ನಾರಿನ ಬಟ್ಟೆಯ ಸೂಜಿರಂಧ್ರಗಳಿಗೆ ಒಮ್ಮೆ ಎಂಜಿನ್ ಆಯಿಲ್ ಇಳಿದರೆ ಮುಂದೆ ಬಿರುಕಿಗೆ ತೇಪೆ ಹಾಕಲು ರೆಸಿನ್ ಹಿಡಿಯುವುದಿಲ್ಲ, ಅದಕ್ಕೆ. ನಿಧಾನದ ಹಾರ್ಡನರ್ ಕೇಳಿದರೆ ಅಂಗಡಿಯವರು ಬೇರೊಂದನ್ನು ಕಳುಹಿಸಿ, "ಎಲ್ಲ ಒಂದೇ ಸರ್" ಎಂದರು.

ಆಟಿಯ ಮಳೆ. ಶೆಡ್ಡಿನ ತೇವಾಂಶ ಮಾಪಕ 92ರಿಂದ ಕೆಳಗಿಳಿಯುತ್ತಿರಲಿಲ್ಲ. ರೆಸಿನ್‌ಗೆ ಬೆಚ್ಚಗಿರಲಿ ಎಂದು ಮೂಲೆಯಲ್ಲಿ ಗ್ಯಾಸ್ ಒಲೆ ಹಚ್ಚಿಟ್ಟೆ. (ಒರೆಸಲು ತಂದ, ಥಟ್ಟನೆ ಬೆಂಕಿ ಹತ್ತುವ ಅಸಿಟೋನ್ ಡಬ್ಬಿ ಹೊರಗಿತ್ತು. ಅಷ್ಟಾದರೂ ಬುದ್ಧಿ ಇತ್ತು.) ಮರುದಿನ ರೆಸಿನ್ ಗಟ್ಟಿಯಾಗಿತ್ತು, ಆದರೆ ಬೆರಳಿಗೆ ಮೇಣ ಸವರಿದಂತೆ ಜಾರುತ್ತಿತ್ತು. ಮಲ್ಪೆಯಲ್ಲಿ ಬೋಟ್ ಕಟ್ಟುವ ಪರಿಚಯದವರೊಬ್ಬರು ಮುಟ್ಟಿ ನೋಡಿ, "ಗಾಳಿ ತಾಗಿ ಮೇಲ್ಮೈ ಒಣಗಿಲ್ಲ ಮಾರಾಯರೇ" ಎಂದರು. ಅವರ ಪಾಲಿಯೆಸ್ಟರ್ ರೆಸಿನ್‌ಗೆ ಆ ಮಾತು ಸರಿ. ನನ್ನದು ಎಪಾಕ್ಸಿ.

ಮೂರು ಸಲ ಅಸಿಟೋನ್‌ನಿಂದ ಒರೆಸಿದೆ. 180 ನಂಬರಿನ ಸ್ಯಾಂಡ್ ಪೇಪರ್ ಉಜ್ಜಿದೆ. ಕಾಗದ ಎರಡೇ ನಿಮಿಷಕ್ಕೆ ಕಟ್ಟಿಕೊಂಡಿತು. ಅದರ ಮೇಲೆಯೇ ಹಾಳೆ ಅಂಟಿಸಿದೆ. ಫಲ ಮೇಲೆ ಹೇಳಿದ ಪತ್ರೊಡೆ.

ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ರಾಸಾಯನಿಕ, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿದರೆ ಈ ಮೇಣದ ಪೊರೆ ಏಳುತ್ತದೆ. ಉರಿಯುವ ಗ್ಯಾಸ್ ಕೊಡುವುದು ಶಾಖದ ಜೊತೆಗೆ ಅವೆರಡನ್ನೇ! ನನ್ನ ಶೆಡ್ಡಿಗೆ ನಾನೇ ರೋಗ ಹಚ್ಚಿದ್ದೆ. ಪೊರೆ ಅಸಿಟೋನ್‌ಗೆ ಜಗ್ಗುವುದಿಲ್ಲ, ಉಜ್ಜಿದರೆ ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಕರಗುವುದು ನೀರಿಗೆ. ಬಾವಿಯ ನೀರು ಬಿಸಿ ಮಾಡಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್‌ನಿಂದ ಎರಡು ಬಾರಿ ತೊಳೆದೆ. ಮಣಿಮಣಿಯಾಗಿ ನಿಲ್ಲುತ್ತಿದ್ದ ನೀರು ಈಗ ಹಾಳೆಯಂತೆ ಹರಡಿತು. ಒಣಗಿದ ಮೇಲೆ ಉಜ್ಜಿದರೆ ಬಿಳಿ ಹಿಟ್ಟು ಉದುರಿತು, ಕಾಗದ ಕಟ್ಟಲಿಲ್ಲ. ಎರಡನೇ ಪದರಕ್ಕೆ ಟಾರ್ಪಾಲಿನ್ ಗುಡಾರದೊಳಗೆ 100 ವಾಟ್‌ನ ಎರಡು ಬಲ್ಬು; ಮಾಪಕ 60ಕ್ಕೆ ಇಳಿಯಿತು.

ಇಷ್ಟು ರೆಸಿನ್ ಕಲಿತ ಮೇಲೆ ಸ್ವರ್ಣಾ ನದಿಗೊಂದು ದೋಣಿ ಆಗಲೇಬೇಕು. ಮರದ ಪಟ್ಟಿ, ಮೇಲೆ ಗಾಜಿನ ಬಟ್ಟೆ, 16 ಅಡಿ. ಅಚ್ಚಿನ ಹಲಗೆಗಳಿಗೆ ಗೆರೆ ಎಳೆದಾಗಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ನಿನ್ನೆ ಹೊಸ ಹಾಳೆಯ ಒಂದು ತುಂಡು ಅಂಟಿಸಿ, ರಾತ್ರಿ ಬಿಟ್ಟು, ಇವತ್ತು ಮೂಲೆ ಹಿಡಿದು ಎಳೆದೆ. ಹರಿಯಿತು, ಏಳಲಿಲ್ಲ. ಉಳಿದ ಭಾಗಕ್ಕೆ ಬಿಳಿ ಬಣ್ಣ, ಆಯಿಲ್ ಸೋರಿದರೆ ತಕ್ಷಣ ಕಾಣಲಿ ಎಂದು. ಹಾಳೆಯ ಅಂಚು ಮುಚ್ಚಲು ಶಾಖ ತಾಳುವ ಸಿಲಿಕೋನ್ ಬೇಕು. ಸೋಮವಾರ ಬರುತ್ತದೆ ಎಂದಿದ್ದಾರೆ ಅಂಗಡಿಯವರು. ಯಾವ ಸೋಮವಾರ ಎಂದು ಹೇಳಿಲ್ಲ.