ಪ್ರಶ್ನೆ ಕೇಳಲು ಬಿಟ್ಟ ಮಕ್ಕಳ ವೈದ್ಯೆ

ಮಗಳಿಗೆ ಆರು ವಾರ ತುಂಬುತ್ತ ಬಂದರೂ ಪೆಂಟಾವೇಲೆಂಟ್ ಲಸಿಕೆಯ ವಿಷಯದಲ್ಲಿ ನಮ್ಮಿಬ್ಬರ ಮನಸ್ಸು ಒಂದು ನೆಲೆಗೆ ಬಂದಿರಲಿಲ್ಲ. ಮಂಡ್ಯದಲ್ಲಿ ಅತ್ತೆಯವರ ಪಕ್ಕದ ಮನೆಯ ಕೂಸು ಲಸಿಕೆ ಹಾಕಿಸಿದ ರಾತ್ರಿ ಜ್ವರ ಬಂದು, ತೊಡೆ ಊದಿಕೊಂಡು, ಬೆಳಗಿನವರೆಗೂ ಅತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಮೈಸೂರಿನಲ್ಲಿ ನಾವು ಮೊದಲು ಹೋದ ವೈದ್ಯರು, ನನ್ನ ಮಾತು ಮುಗಿಯುವ ಮೊದಲೇ, ಇಷ್ಟವಿಲ್ಲದಿದ್ದರೆ ಬೇರೆ ಕಡೆ ಹೋಗಿ ಎಂದುಬಿಟ್ಟರು. ಹೆದರಿದ ತಾಯಿಯನ್ನು ಹೀಗೆ ಕಳುಹಿಸಿದರೆ ಅವಳ ಭಯ ಇಮ್ಮಡಿಯಾಗುತ್ತದೆಯೇ ಹೊರತು ಮಗುವಿಗೆ ರಕ್ಷಣೆ ಸಿಗುವುದಿಲ್ಲ.

ಸರಸ್ವತಿಪುರದಲ್ಲಿ ಸಿಕ್ಕ ಎರಡನೆಯ ವೈದ್ಯೆ ನಮ್ಮನ್ನು ಕೂರಿಸಿಕೊಂಡು, ಈ ಒಂದೇ ಚುಚ್ಚುಮದ್ದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಸೋಂಕು (ಮಿದುಳುಪೊರೆಯ ಉರಿಯೂತ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಸೋಂಕು) ಎಂಬ ಐದನ್ನು ತಡೆಯುತ್ತದೆಂದೂ, ಸಣ್ಣ ಜ್ವರ, ಊತಗಳು ಒಂದೆರಡು ದಿನದಲ್ಲಿ ಇಳಿಯುತ್ತವೆಂದೂ, ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯಕ್ಕೆ ಮೂಲವಾದ 1998ರ ಲೇಖನವು ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಬೇರೆಯದೇ ಆದ ಎಂಎಂಆರ್ ಲಸಿಕೆಯ ಕುರಿತದ್ದಾಗಿದ್ದು, ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತೆಂದೂ ಸಾವಧಾನವಾಗಿ ವಿವರಿಸಿದರು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದೇ ಲಸಿಕೆ ಉಚಿತವಾಗಿ ಸಿಗುತ್ತದೆ ಎಂದವರೂ ಅವರೇ. (ಸ್ವಂತ ಕ್ಲಿನಿಕ್ ಇಟ್ಟುಕೊಂಡವರು ಹಾಗೆ ಹೇಳಿದ್ದರಿಂದಲೇ ನನ್ನ ನಂಬಿಕೆ ಗಟ್ಟಿಯಾಯಿತು.)

ಕೇಂದ್ರದ ದಾದಿ ಸೀಸೆಯನ್ನು ನನ್ನ ಕಣ್ಣೆದುರು ಹಿಡಿದು, ಅದರ ಮೇಲೆ ಅಚ್ಚಾದ ವೃತ್ತದೊಳಗಿನ ಪುಟ್ಟ ಚೌಕವನ್ನು ತೋರಿಸಿದರು: ಶಾಖ ತಗುಲಿದಷ್ಟೂ ಚೌಕದ ಬಣ್ಣ ಗಾಢವಾಗುತ್ತದೆ, ವೃತ್ತದ ಬಣ್ಣಕ್ಕೆ ಸಮವಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ನಮ್ಮ ಸೀಸೆಯ ಚೌಕ ಇನ್ನೂ ತಿಳಿಯಾಗಿತ್ತು. ಮಗಳು ಚೀರಿದಳು, ಎದೆಗೆ ಹಾಕಿಕೊಂಡೊಡನೆ ಸುಮ್ಮನಾದಳು. ಹತ್ತನೆಯ ವಾರದ ಮುಂದಿನ ಡೋಸಿನ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಬಂದಿದ್ದೇವೆ.